ಎಲ್ಲಾದ್ರಾಗೂ ನಡೀಬೇಕ್ರಿ!

ಅಂಗಡಿಗೆ ಬಂದ ಗಿರಾಕಿ ಬೆಲೆ ಕೇಳಿದರೆ ನನಗೆ ಧೈರ್ಯ. ಚೌಕಾಶಿಗೆ ಇಳಿದರೆ ಇನ್ನೂ ಧೈರ್ಯ. ಜೇಬಿಗೆ ಕೈ ಹಾಕಿ ಫೋನು ತೆಗೆದು "ಇದ್ರಾಗೂ ನಡೀತದೇನ್ರಿ?" ಎಂದರೆ ಮಾತ್ರ ಎದೆ ಧಸಕ್ ಎನ್ನುತ್ತದೆ. ಬೀದರಿನ ಗಾಂಧಿ ಗಂಜಿನ ಆಜುಬಾಜು ಸಣ್ಣಪುಟ್ಟ ಸಾಫ್ಟ್‌ವೇರ್ ಮಾಡಿ ಮಾರಿ ಹೊಟ್ಟೆ ಹೊರೆಯುವ ನನ್ನಂಥವರಿಗೆ ಈ ಒಂದು ಪ್ರಶ್ನೆಯ ಮುಂದೆ ಜಿಎಸ್‌ಟಿ ನೋಟಿಸೂ ಸಣ್ಣದೇ.

ಈ ಪ್ರಶ್ನೆ ಕೇಳುವ ಜಾತಿಯವರಲ್ಲಿ ಒಳಪಂಗಡಗಳಿವೆ. ಬೀದರಿನ ಒಬ್ಬ ಶಾಲಾ ಕಾರ್ಯದರ್ಶಿಗೆ ಫೀ ಲೆಕ್ಕದ ಸಾಫ್ಟ್‌ವೇರ್ ಉಬುಂಟುವಿನಲ್ಲೇ ಬೇಕು. ಉಬುಂಟು ಪುಕ್ಕಟೆ; ಅದರೊಳಗೆ ಹಾಕುವುದೂ ಪುಕ್ಕಟೆ ಇರಬೇಕೆಂದು ಅವರ ನಂಬಿಕೆ. ಔರಾದಿನ ಔಷಧ ಅಂಗಡಿಯವರದು ತದ್ವಿರುದ್ಧ. ವಿಂಡೋಸ್ 7 ಅನ್ನು ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಕೈಬಿಟ್ಟರೂ ಅವರು ಬಿಟ್ಟಿಲ್ಲ, "ನಮ್ಮಪ್ಪ ತಂದಿದ್ದ ಮಷೀನ್ರಿ" ಎನ್ನುತ್ತಾರೆ.

ಆದರೆ ಇವರೆಲ್ಲರಿಗೂ ಕಳಸವಿಟ್ಟವರು ಭಾಲ್ಕಿಯ ನಮ್ಮ ಅಡತಿ ಸಾವಕಾರ್ರು. ರೈತ ತಂದ ಸೋಯಾ, ತೊಗರಿ, ಉದ್ದು ತೂಗಿ, ಖರ್ಚು ಕಳೆದು, ಕೈಗೆ ಬರುವ ರೊಕ್ಕದ ಪಟ್ಟಿ ತೆಗೆಯುವ ಸಾಫ್ಟ್‌ವೇರನ್ನು ಅವರಿಗೆ ಮಾಡಿಕೊಟ್ಟವನು ನಾನು. ಅದು 1998ರ ವಿಷುವಲ್ ಬೇಸಿಕ್ 6ರಲ್ಲಿ ಬರೆದದ್ದು. ಆ ಭಾಷೆಗೆ ಮೈಕ್ರೋಸಾಫ್ಟ್ 2008ರಲ್ಲೇ ಎಳ್ಳುನೀರು ಬಿಟ್ಟಿದೆ. ಆದರೂ ನನ್ನ ಸಾಫ್ಟ್‌ವೇರ್ ಎಕ್ಸ್‌ಪಿಯಲ್ಲಿ ಓಡಿತು, 7ರಲ್ಲಿ ಓಡಿತು, 10ರಲ್ಲೂ ಓಡುತ್ತಿದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಕರ್‍ರ್ ಎಂದು ಪಟ್ಟಿ ಕಾರಿದಾಗಲೆಲ್ಲ ನನಗೆ ಒಳಗೊಳಗೇ ಹೆಮ್ಮೆ. ವಿಂಡೋಸಿನ ಗಡಿ ದಾಟಿಸಿದಿರೋ, ಕಥೆ ಮುಗಿಯಿತು.

ಸಾವಕಾರ್ರ ಬಳಗ ಇರುವುದೆಲ್ಲ ಆ ಗಡಿಯ ಆಚೆಗೇ. ಮಗ ಪುಣೆಯಲ್ಲಿ, ಅವನದು ಮ್ಯಾಕ್. ಅಳಿಯ ಹೈದರಾಬಾದಿನಲ್ಲಿ, ಅವನದು ಐಫೋನ್. ಔರಾದಿನ ಶಾಖೆಯಲ್ಲಿ ಕೂಡುವ ಮುನೀಮನದು ಗಾಜು ಸೀಳಿದ ಆಂಡ್ರಾಯ್ಡ್. ಸ್ವತಃ ಸಾವಕಾರ್ರಿಗೆ ಕಾಗದ ಬಿಟ್ಟು ಬೇರೆ ಯಾವುದರ ಮೇಲೂ ಭರವಸೆ ಇಲ್ಲ. ಆದರೂ ಗಾದಿಗೆ ಒರಗಿ, ಚಹಾ ತರಿಸಿ, ಮೆಲ್ಲಗೆ ಸುರು ಮಾಡುತ್ತಾರೆ: "ಎಲ್ಲಾದ್ರಾಗೂ ನಡೀಬೇಕ್ರಿ ಇಂಜಿನೇರ್ರೆ. ಮೊನ್ನೆ ಹೈದ್ರಾಬಾದ್ ಕಂಪನಿದವರು ಬಂದಿದ್ರು. ಎಲ್ಲಾದ್ರಾಗೂ ಕೊಡ್ತೀವಿ ಅಂದ್ರು. ನೀವು ನಮ್ಮವರಂತ ನಿಮಗ ಮೊದಲ ಹೇಳ್ಲಾಕತ್ತೀನಿ."

ಈ 'ನಮ್ಮವರು' ಎಂಬ ಪ್ರೀತಿಗೆ ಸೋತೇ ಆಂಡ್ರಾಯ್ಡ್ ಆ್ಯಪ್ ಮಾಡಲು ಕೂತೆ. ಗೂಗಲ್ಲಿಗೆ 25 ಡಾಲರ್ ಒಂದು ಸಲ ಕಟ್ಟಿದರೆ ಸಾಕು ಎಂದಿದ್ದರು. ಕಟ್ಟಿದೆ. ಹೊಸ ಆಂಡ್ರಾಯ್ಡಿಗೆ ಹೊಂದುವಂತೆ ಆ್ಯಪನ್ನು ವರ್ಷವರ್ಷವೂ ತಿದ್ದಿ ಕೊಡಬೇಕೆಂಬುದು ಆಮೇಲೆ ಬಂದ ಫರ್ಮಾನು.

ಅದೂ ಹೋಗಲಿ, ರೈತರ ಹೆಸರುಗಳ ಗತಿ ಕೇಳಿ. ನನ್ನ ಹಳೆಯ ಲೆಕ್ಕವೆಲ್ಲ ನುಡಿ ಫಾಂಟಿನಲ್ಲಿತ್ತು. ಅಲ್ಲಿ ಕನ್ನಡವೆಂದರೆ ಇಂಗ್ಲಿಷಿನ ಗುರುತುಗಳಿಗೆ ಕನ್ನಡದ ಅಂಗಿ ತೊಡಿಸಿದ್ದು. ಫೋನು ಆ ಅಂಗಿ ಕಳಚಿಬಿಟ್ಟಿತು. ನಾಗಪ್ಪ ಎಂದಿದ್ದಲ್ಲಿ ಮೊದಲಿಗೆ ಬ್ರಿಟಿಷರ ಪೌಂಡಿನ ಗುರುತು, ನಡುವೆ ಜಪಾನಿನ ಯೆನ್ನು, ಆಚೆ ಈಚೆ ನೆತ್ತಿಯ ಮೇಲೆ ಗೀಟು ಹೊತ್ತ ಎ ಅಕ್ಷರಗಳು. ಮುನೀಮ ಔರಾದಿನಿಂದ ಅದರ ಫೋಟೊ ಕಳಿಸಿದ. ಸಾವಕಾರ್ರು ಕನ್ನಡಕ ಏರಿಸಿ ನೋಡಿ ಹೇಳಿದ್ದು: "ರೈತರಿಗೆ ರೂಪಾಯಿ ಕೊಡ್ಲಾಕೇ ಇಲ್ಲಿ ತಿಪ್ಪಲಾ ಅದ, ನೀವು ಪೌಂಡ್ ಹಚ್ಚೀರಲ್ರೀ!"

ಎಲ್ಲವನ್ನೂ ಯೂನಿಕೋಡಿಗೆ ತಂದೆ. ಆಗ ಅರ್ಕಾವತ್ತು ಕೈಕೊಟ್ಟಿತು. ನುಡಿಯಲ್ಲಿ ಅದು ಅಕ್ಷರದ ಹಿಂದೆ ಬರುತ್ತದೆ, ಯೂನಿಕೋಡಿನಲ್ಲಿ ಮುಂದೆ ನಿಲ್ಲಬೇಕು. ಧರ್ಮಣ್ಣನವರು ಧಮರ್ಣ್ಣ ಆಗಿ, ಪಟ್ಟಿ ಹಿಡಿದುಕೊಂಡು ಬಂದು ಗಲಾಟೆ ಎಬ್ಬಿಸಿದರು. ಅವರ ಕೋಪ ನ್ಯಾಯವಾದದ್ದೇ. ಬ್ಯಾಂಕಿನವರು ಆ ಧಮರ್ಣ್ಣನಿಗೆ ರೊಕ್ಕ ಕೊಡುವರೇ?

ಐಫೋನಿನದು ಬೇರೆಯೇ ದುಃಖ. ಅದಕ್ಕೆ ಆ್ಯಪ್ ಮಾಡಬೇಕಾದರೆ ಮೊದಲು ಒಂದು ಮ್ಯಾಕ್ ಬೇಕು, ಮೇಲೆ ವರ್ಷಕ್ಕೆ 99 ಡಾಲರ್ ವಂತಿಗೆ. ಸಾವಕಾರ್ರು ಕೊಡುವ ಎಎಂಸಿ, ಅಂದರೆ ವರ್ಷದ ನಿರ್ವಹಣೆಯ ರೊಕ್ಕ, ಅದರ ಅರ್ಧಕ್ಕೂ ಮುಟ್ಟುವುದಿಲ್ಲ. ಐಫೋನಿನಲ್ಲಿ ಬೇಕು ಎಂದು ನನ್ನನ್ನು ಕೇಳಿರುವ ಗಿರಾಕಿ ಒಬ್ಬನೇ; ಅವನೂ ಗಿರಾಕಿಯಲ್ಲ, ಗಿರಾಕಿಯ ಅಳಿಯ. "ಟ್ಯಾಲಿಯಂಥ ಟ್ಯಾಲಿನೇ 1986ರಿಂದ ನಡೆದದ, ಅವರೇ ಮ್ಯಾಕಿಗೆ ಅಂತ ಬ್ಯಾರೆ ಮಾಡಿಲ್ಲ ಸಾವಕಾರ್ರೆ," ಎಂದು ಗೋಗರೆದೆ. "ಟ್ಯಾಲಿದವರಿಗೆ ನಮ್ಮ ಅಳಿಯ ಗೊತ್ತಿಲ್ರಿ, ನಿಮಗ ಗೊತ್ತದಾನ," ಎಂದರು. ಇದಕ್ಕೆ ಉತ್ತರ ಯಾವ ಪುಸ್ತಕದಲ್ಲಿದೆ?

ಕೊನೆಗೆ ಎಲ್ಲವನ್ನೂ ಬ್ರೌಸರಿಗೆ ಹಾಕಿದೆ. ಸರಕಾರವೇ 2014ರಿಂದ ಎಪಿಎಂಸಿ ಹರಾಜನ್ನು ಆನ್‌ಲೈನಿಗೆ ಒಯ್ಯುತ್ತಿರುವಾಗ ನನ್ನದೇನು ದೊಡ್ಡಸ್ತಿಕೆ! ಮ್ಯಾಕ್, ಐಫೋನ್, ಉಬುಂಟು ಎಲ್ಲದರಲ್ಲೂ ತೆರೆಯಿತು. ಗೆದ್ದೆ ಎಂದು ಬೀಗುತ್ತಿದ್ದಾಗ ಔರಾದಿನ ಮುನೀಮನ ಫೋನು: "ಸರ್, ಮಳಿ ಬಂದದ, ಕರೆಂಟ್ ಇಲ್ಲ, ಟವರ್ ಇಲ್ಲ, ಎದುರಿಗೆ ಸೋಯಾದ ಟ್ರ್ಯಾಕ್ಟರ್ ನಿಂತಾವ." ಇವನು ಟವರ್ ಹುಡುಕಿ ಅಂಗಡಿಯ ಮಾಳಿಗೆ ಹತ್ತಿದ್ದನಂತೆ. ಹಳೆಯ ವಿಂಡೋಸ್ ಪ್ರತಿಯನ್ನೇ ಮತ್ತೆ ಹೊರಗೆ ತೆಗೆದೆ. ಈಗ ಅದನ್ನೂ ಸಾಕುತ್ತೇನೆ, ಆ್ಯಪನ್ನೂ ಸಾಕುತ್ತೇನೆ, ಬ್ರೌಸರನ್ನೂ ಸಾಕುತ್ತೇನೆ. ಒಂದರಲ್ಲಿ ಹಮಾಲಿ ದರ ತಿದ್ದಿದರೆ ಇನ್ನೆರಡರಲ್ಲಿ ತಿದ್ದಲೇಬೇಕು. ಹಣ ಬರುವುದು ಮಾತ್ರ ಒಂದಕ್ಕೇ.

ಅಷ್ಟಾದರೂ ಯಾರು ತೆರೆದು ನೋಡುತ್ತಾರೆಂದು ತಿಳಿಯುವ ಕುತೂಹಲದಿಂದ ಲಾಗಿನ್ ದಾಖಲೆ ತೆಗೆದೆ. ಅಳಿಯ ಒಂದು ದಿನವೂ ಬಂದಿರಲಿಲ್ಲ. ಪುಣೆಯ ಮಗನ ಸಾಲು ಖಾಲಿ. ಸಾವಕಾರ್ರಿಗೆ ತೋರಿಸಿ ಸೇಡು ತೀರಿಸಿಕೊಳ್ಳಬೇಕೆಂದೇ ಭಾಲ್ಕಿಗೆ ಹೋಗಿದ್ದೆ. ನಾನು ಬಾಯಿ ತೆಗೆಯುವ ಮುಂಚೆ ಅವರೇ ಕೇಳಿದರು: "ಮಗ ಏನರೆ ತಗದು ನೋಡ್ಯಾನೇನ್ರಿ? ಅದ್ರಾಗ ಗೊತ್ತಾಗ್ತದಂತಲ್ಲ?" ಪಕ್ಕದಲ್ಲಿ ಕೆಂಪು ಬಟ್ಟೆಯ ಖಾತೆ ಪುಸ್ತಕಗಳು ಒಟ್ಟಿದ್ದವು, ಅವರ ಅಪ್ಪನ ಕೈಬರಹದವೂ ಇದ್ದವು. ನನ್ನ ನಾಲಿಗೆ ತಾನಾಗಿಯೇ ಹೊರಳಿತು: "ಇನ್ನಾ ಪಾಸ್‌ವರ್ಡ್ ಸೆಟ್ ಆಗಿಲ್ರಿ. ಆಗ್ತದ."

ದೀಪಾವಳಿಯ ಲಕ್ಷ್ಮೀಪೂಜೆ ಮುಗಿದ ಮರುದಿನ ಬೆಳಗಾಗುವುದರೊಳಗೆ ಅವರ ಫೋನು. ದನಿಯಲ್ಲಿ ಪಟಾಕಿಯ ಜೋರು. "ಇಂಜಿನೇರ್ರೆ, ಮಗ ಕಂಪ್ಲೇಂಟ್ ಮಾಡ್ಯಾನ್ರಿ! ಮ್ಯಾಕಿನಾಗ ಅಕ್ಷರ ಸಣ್ಣಗ ಕಾಣ್ತಾವಂತ. ಅವ ರಾತ್ರಿ ಕೂತು ಹೋದ ವರ್ಷದ ತೊಗರಿ ಲೆಕ್ಕ ಎಲ್ಲಾ ನೋಡ್ಯಾನ. ಎರಡು ತಪ್ಪೂ ಹಿಡದಾನ!"

ತಪ್ಪು ಹಿಡಿದದ್ದಕ್ಕೆ ಇಷ್ಟು ಹಿಗ್ಗಿದ ಗಿರಾಕಿಯನ್ನು ನಾನು ಕಂಡಿಲ್ಲ. ಅಕ್ಷರ ದೊಡ್ಡದು ಮಾಡುವ ಕೆಲಸಕ್ಕೆ ಬೇರೆ ಬಿಲ್ಲಾಗುತ್ತದೆ ಎಂದು, ಇದೇ ಸಮಯವೆಂದು, ಹೇಳಿ ನೋಡಿದೆ.

"ಅದು ಎಎಂಸಿದಾಗೇ ಬರ್ತದಲ್ರೀ," ಎಂದರು.