ಹೊಳೆ ಸಾರ್

ತುಂಗೆ, ಭದ್ರೆ, ಇವೆರಡೂ ಕೂಡ್ಲಿಯಲ್ಲಿ ಸೇರಿ ಆದ ತುಂಗಭದ್ರೆ, ಈ ಮೂರರ ದಡದಲ್ಲಿ ಯಾವ ಊರಿಗೆ ಹೋದರೂ ಒಬ್ಬ ಹೊಳೆ ಸಾರ್ ಸಿಕ್ಕೇ ಸಿಗುತ್ತಾರೆ. ಒಂದೂರಲ್ಲಿ ಅವರು ನಿವೃತ್ತ ಹೈಸ್ಕೂಲು ಮೇಷ್ಟ್ರು, ಇನ್ನೊಂದೂರಲ್ಲಿ ಔಷಧಿ ಅಂಗಡಿಯ ಯಜಮಾನರು. ನಮ್ಮ ಶಿವಮೊಗ್ಗದವರು ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ರಿಟೈರಾದವರು. ಇಡೀ ಸರ್ವೀಸು ಬೇರೆಯವರ ಸಾಲ ವಸೂಲಿ ಮಾಡಿದ ಜೀವಕ್ಕೆ ಮನೆಯಲ್ಲಿ ಸುಮ್ಮನೆ ಕೂರಲು ಆಗಲಿಲ್ಲ. ಊರು ಹೊಳೆಗೆ ಉಳಿಸಿಕೊಂಡಿರುವ ಬಾಕಿಯ ವಸೂಲಿಗೆ ನಿಂತರು.

ಭಾನುವಾರ ಬೆಳಿಗ್ಗೆ ಆರೂವರೆಗೆ ಕೋರ್ಪಲಯ್ಯನ ಛತ್ರದ ಹತ್ತಿರ ಹೋದರೆ ಕಾಣುತ್ತಾರೆ. ಮೊಣಕಾಲುದ್ದ ಗಂಬೂಟು, ಕಿತ್ತಳೆ ಬಣ್ಣದ ರಬ್ಬರ್ ಗ್ಲೌಸು, ಕೊರಳಲ್ಲಿ ಒಂದು ವಿಷಲ್. ವಿಷಲ್ ಯಾಕೆ ಸಾರ್ ಅಂತ ಕೇಳಿದರೆ "ಶಿಸ್ತಿಗೆ" ಅನ್ನುತ್ತಾರೆ. ಇದುವರೆಗೆ ಆ ವಿಷಲ್‌ಗೆ ಹೆದರಿದ್ದು ದಡದ ನಾಯಿಗಳು ಮಾತ್ರ.

ಮಳೆಗಾಲ ಬಂತೆಂದರೆ ಅವರ ವಾಟ್ಸಾಪ್ ಗ್ರೂಪಿನಲ್ಲಿ ಸುಪ್ರಭಾತ ಬದಲಾಗುತ್ತದೆ. ಹೂವಿನ ಚಿತ್ರ ಹೋಗಿ ಗಾಜನೂರಿನ ತುಂಗಾ ಅಣೆಕಟ್ಟು ಬರುತ್ತದೆ. "ಶುಭೋದಯ. ಗರಿಷ್ಠ ಮಟ್ಟ 588.24 ಮೀಟರ್. ಇಂದಿನ ಮಟ್ಟ 588.24. ಒಳಹರಿವು ಎಷ್ಟೋ ಹೊರಹರಿವೂ ಅಷ್ಟೇ." ರಾಜ್ಯದಲ್ಲಿ ಮೊದಲು ತುಂಬುವ ಅಣೆಕಟ್ಟುಗಳಲ್ಲಿ ನಮ್ಮದೂ ಒಂದು ಎಂದು ಅವರು ಎದೆಯುಬ್ಬಿಸಿ ಹೇಳುತ್ತಿರುವಾಗ, ಅದು ಹಿಡಿಯುವುದೇ ಮೂರು ಟಿಎಂಸಿ ಚಿಲ್ಲರೆ ಎಂದು ಯಾರೂ ನೆನಪಿಸಬಾರದು. ಊರಿನವರಿಗೆ ಈ ಲೆಕ್ಕವೆಲ್ಲ ಬೇಕಾಗಿಲ್ಲ. ಹೊಳೆ ನಡುವಿನ ಮಂಟಪ ಮುಳುಗಿತೋ ಇಲ್ಲವೋ, ಅಷ್ಟು ತಿಳಿದರೆ ಸಾಕು. ಮುಳುಗಿತು ಎಂದರೆ ಮಕ್ಕಳುಮರಿ ಕಟ್ಟಿಕೊಂಡು ಬಂದು ಸೇತುವೆ ಮೇಲೆ ನಿಂತು ನೋಡುತ್ತಾರೆ, ಬಾಗಿನ ಬಿಡುತ್ತಾರೆ, ಬಾಗಿನ ತಂದ ಪ್ಲಾಸ್ಟಿಕ್ ಕವರನ್ನೂ ಅದರ ಹಿಂದೆಯೇ ಬಿಡುತ್ತಾರೆ. ಹೊಳೆ ಸಾರ್ ವಿಷಲ್ ಊದುತ್ತಾರೆ. ನಾಯಿ ಓಡುತ್ತದೆ.

ಅವರ ಜ್ಞಾನವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದಲ್ಲಿ ಗುರುತಿಸಿದ ಮಲಿನ ನದಿಪಾತ್ರಗಳು 351, ಅದರಲ್ಲಿ ಕರ್ನಾಟಕದ ಪಾಲು 17, ಆ ಹದಿನೇಳರಲ್ಲಿ ಶಿವಮೊಗ್ಗದಿಂದ ಕೂಡ್ಲಿಯವರೆಗಿನ ತುಂಗೆಯೂ ಒಂದು. ಇದನ್ನು ಅವರು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ತೊಂದರೆಯೇನೆಂದರೆ, ಕೇಳದಿದ್ದರೂ ಹೇಳುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಅವರ ಪಕ್ಕ ಜಾಗ ಸಿಕ್ಕಿತೋ, ಕೋಸಂಬರಿ ಹೊತ್ತಿಗೆ ಆಮ್ಲಜನಕದಿಂದ ಶುರುಮಾಡಿ ಪಾಯಸ ಬರುವಷ್ಟರಲ್ಲಿ ಮಲದ ಕೋಲಿಫಾರಂ ಬ್ಯಾಕ್ಟೀರಿಯಾಕ್ಕೆ ಬಂದಿರುತ್ತಾರೆ. "ಗಂಗಾ ಸ್ನಾನ, ತುಂಗಾ ಪಾನ" ಎಂಬ ಗಾದೆಯನ್ನಂತೂ ಅವರೆದುರು ಎತ್ತಲೇಬಾರದು. "ಪಾನ ಹಾಗಿರಲಿ ಮಾರಾಯ್ರೆ, ಸ್ನಾನ ಮಾಡ್ಬೇಕು ಅಂದ್ರೂ ಬಿಒಡಿ, ಅಂದ್ರೆ ಕೊಳೆ ಕರಗೋಕೆ ಬೇಕಾಗೋ ಆಮ್ಲಜನಕ, ಲೀಟರಿಗೆ 3 ಮಿಲಿಗ್ರಾಂ ಒಳಗಿರ್ಬೇಕು!" ಎಂದು ಶುರುವಾದರೆ ಎಲೆ ಎತ್ತುವವರು ಬಂದರೂ ನಿಲ್ಲುವುದಿಲ್ಲ.

ಮೊದಲನೇ ಸ್ವಚ್ಛತಾ ಅಭಿಯಾನಕ್ಕೆ ಅಭಿಮಾನಿಯೊಬ್ಬರು ಇಪ್ಪತ್ತಡಿ ಫ್ಲೆಕ್ಸ್ ಮಾಡಿಸಿ ತಂದರು. "ಪ್ಲಾಸ್ಟಿಕ್ ತ್ಯಜಿಸಿ, ತುಂಗೆ ಉಳಿಸಿ." ಫ್ಲೆಕ್ಸೂ ಪ್ಲಾಸ್ಟಿಕ್ಕೇ, 2016ರಿಂದ ರಾಜ್ಯದಲ್ಲಿ ಅದಕ್ಕೂ ನಿಷೇಧ ಇದೆ ಎಂದು ಕಾಲೇಜು ಹುಡುಗಿಯೊಬ್ಬಳು ಮೆಲ್ಲಗೆ ಹೇಳಿದಳು. ಹೊಳೆ ಸಾರ್ ಆ ಕ್ಷಣವೇ ಅದನ್ನು ಬಿಚ್ಚಿಸಿದರು, ಸುತ್ತಿಸಿದರು. ಬಿಸಾಡುವುದೆಲ್ಲಿ? ಮನೆಗೊಯ್ದರು. ಈಗ ಅದು ಅವರ ಸೌದೆ ಕೊಟ್ಟಿಗೆಗೆ ಹೊದಿಕೆ. ಅಡಿಕೆ ಸೀಸನ್ನಿನಲ್ಲಿ ನೆಂಟರು ಎರವಲು ಒಯ್ಯುವುದೂ ಉಂಟು.

ಮನೆಗೊಯ್ಯುವ ಈ ಚಾಳಿ ಶುರುವಾದದ್ದು ಅಲ್ಲಿಂದಲೇ ಇರಬೇಕು. ಹೊಳೆಯಲ್ಲಿ ಸಿಗುವ ಕಸದಲ್ಲಿ ಹೆಚ್ಚಿನದಕ್ಕೆ ತಕರಾರಿಲ್ಲ. ಶಾಂಪೂ ಸ್ಯಾಷೆ, ಟೆಟ್ರಾ ಪ್ಯಾಕಿನ ಅಗ್ಗದ ವಿಸ್ಕಿ, ಡೈಪರು, ಯಾರದೋ ತಿಥಿಯ ಪಂಚೆ, ಎಲ್ಲವೂ ಚೀಲಕ್ಕೆ ಹೋಗುತ್ತದೆ. ಇಕ್ಕಟ್ಟು ಬರುವುದು ದೇವರ ಪಟಗಳಿಂದ. ಗಾಜು ಒಡೆದ, ಗೆದ್ದಲು ತಿಂದ, ಹೊಸ ಮನೆಯ ಗೋಡೆಯ ಬಣ್ಣಕ್ಕೆ ಹೊಂದದ ದೇವರುಗಳನ್ನೆಲ್ಲ ಜನ ಹೊಳೆ ಮೆಟ್ಟಿಲ ಮೇಲೆ ಸಾಲಾಗಿ ಒರಗಿಸಿ ಕೈಮುಗಿದು ಹೋಗಿರುತ್ತಾರೆ. ಕಸವೆಂದು ಎತ್ತಲು ಸ್ವಯಂಸೇವಕರಿಗೆ ಧೈರ್ಯ ಸಾಲದು. ಒಬ್ಬ ಹುಡುಗ ಗ್ಲೌಸು ಕಳಚಿ, ಬೂಟು ಬಿಚ್ಚಿ, ಪಟವನ್ನು ಕಣ್ಣಿಗೊತ್ತಿಕೊಂಡು ಹೊಳೆ ಸಾರ್ ಕೈಗೆ ಕೊಡುತ್ತಾನೆ. ಅವರು ಅದನ್ನು ಯಾರಿಗೆ ಕೊಡಬೇಕು? ಹೀಗೆ ವಾರವಾರ ಕಾರಿನ ಡಿಕ್ಕಿಯಲ್ಲಿ ಊರ ದೇವರುಗಳು ಅವರ ಮನೆ ಸೇರಿದವು. ಕಾರ್ ಶೆಡ್ಡಿನಲ್ಲೀಗ ಎರಡು ಮೂರು ವೆಂಕಟರಮಣ, ಲೆಕ್ಕವಿಲ್ಲದಷ್ಟು ಲಕ್ಷ್ಮಿ, ಸಾಯಿಬಾಬಾ, ಜೊತೆಗೆ ಯಾರದೋ ಅಜ್ಜ ಅಜ್ಜಿಯ ಜೋಡಿ ಫೋಟೋ. ಕಾರು ಹೊರಗೆ ಮಳೆಯಲ್ಲಿ ನಿಂತಿದೆ.

"ಯಾರ್ಯಾರ್ದೋ ಮನೆ ದೇವ್ರು ನಮ್ ಶೆಡ್ನಲ್ಲಿ. ಸಂಜೆ ದೀಪ ಹಚ್ಬೇಕಾ ಬೇಡ್ವಾ, ಅದನ್ನಾದ್ರೂ ಹೇಳಿ ರೀ" ಎಂದು ಮನೆಯವರು ಕೇಳಿದ್ದಕ್ಕೆ ಅವರ ಬಳಿ ಅಂಕಿಅಂಶ ಇರಲಿಲ್ಲ. ಆಕೆ ಈಗ ಹಚ್ಚುತ್ತಾರೆ. ಆ ಅಜ್ಜ ಅಜ್ಜಿಗೂ ಸೇರಿಸಿ.

ಎತ್ತಿದ ಕಸದ ಕತೆ ಬೇರೆ. ಎರಡು ತಾಸು ಬಾಚಿ ದಡದಲ್ಲಿ ಗುಡ್ಡೆ ಹಾಕಿ, ಗುಡ್ಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಅವಲಕ್ಕಿ ತಿಂದರೆ ಭಾನುವಾರದ ಕೆಲಸ ಮುಗಿಯಿತು. ಒಯ್ಯುವ ಟ್ರ್ಯಾಕ್ಟರು ಸೋಮವಾರ ಬರಬೇಕು. ಸೋಮವಾರ ಡ್ರೈವರಿಗೆ ರಜೆ, ಮಂಗಳವಾರ ಟ್ರ್ಯಾಕ್ಟರಿಗೇ ರಜೆ. ಬುಧವಾರ ಶೃಂಗೇರಿ ಕಡೆ ಮಳೆ ಹೊಯ್ದು, ಗಾಜನೂರಿನಲ್ಲಿ ಗೇಟು ಎತ್ತಿದರೆ, ಹೊಳೆ ಮೆಟ್ಟಿಲು ಹತ್ತಿ ಬಂದು ತನ್ನ ಸಾಮಾನನ್ನು ತಾನೇ ವಾಪಸ್ ಒಯ್ಯುತ್ತದೆ. ಆ ವಾರದ ಶುಭೋದಯದಲ್ಲಿ ಒಳಹರಿವು, ಹೊರಹರಿವು ಇರುತ್ತದೆ. ಗುಡ್ಡೆಯ ಸುದ್ದಿ ಇರುವುದಿಲ್ಲ.

ಅತಿಥಿಗಳು ಬರುವ ಭಾನುವಾರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. "ಅಲ್ಲಿ ಸ್ವಲ್ಪ ಬಿಟ್ಟಿರಿ, ಅವ್ರು ಎತ್ಬೇಕಲ್ಲ" ಎಂಬ ಪಿಸುಮಾತು ನೀವೂ ಕೇಳಿರುತ್ತೀರಿ. 2024ರ ಕೊನೆಗೆ ಶೃಂಗೇರಿಯಿಂದ ಕಿಷ್ಕಿಂಧೆಯ ಕಡೆಗೆ ತುಂಗಭದ್ರೆಗಾಗಿ ಪಾದಯಾತ್ರೆ ಹೊರಟಾಗ ಹೊಳೆ ಸಾರ್ ತಮ್ಮೂರಿನ ಪಾಲಿನಷ್ಟು ದೂರ ಶ್ರದ್ಧೆಯಿಂದ ನಡೆದರು, ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಒಂದು ವಾರ ಮಲಗಿದರು. 2025ರ ಮಾರ್ಚಿನಲ್ಲಿ, ತೀರ್ಥಕ್ಷೇತ್ರಗಳ ನದಿಗಳಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ ನೋಡಿಕೊಳ್ಳಿ ಎಂದು ಅರಣ್ಯ ಸಚಿವ ಈಶ್ವರ ಖಂಡ್ರೆ ಸೂಚಿಸಿದ್ದನ್ನು ಪತ್ರಿಕೆಯಲ್ಲಿ ಓದಿ, ನಮ್ಮೂರಿನಲ್ಲೂ ಆಗಲಿ ಎಂದು ಟೇಪು ಹಿಡಿದು ಮೆಟ್ಟಿಲಿನಿಂದ ಅಳೆಯುತ್ತಾ ಹೊರಟರು. ಟೇಪು ಮುಗಿಯುವ ಮೊದಲೇ ಅವರು ತಿಂಗಳ ದಿನಸಿ ತರುವ ಅಂಗಡಿ ಎದುರಾಯಿತು. ಟೇಪು ಸುತ್ತಿಕೊಂಡು ಅರ್ಧ ಕೇಜಿ ತೊಗರಿಬೇಳೆ ತಂದರು.

ಎಲ್ಲ ಕೆಡಿಸಿದ್ದು ತೆಪ್ಪದಲ್ಲಿ ಮೀನು ಹಿಡಿಯುವ ಒಬ್ಬ ಮುದುಕ. ಪ್ರತಿ ಭಾನುವಾರ ಇವರ ವಿಷಲ್ಲಿಗೆ ಮೀನು ಚದುರುವುದನ್ನು ಸಹಿಸಿಕೊಂಡು ಕೂತಿದ್ದವನು ಒಂದು ದಿನ ಬೀಡಿ ಆರಿಸಿ ಕೇಳಿದ.

"ಸಾರ್, ನಿಮ್ಮನೆ ಬಚ್ಚಲ ನೀರು ಎಲ್ಲಿಗ್ ಹೋಗುತ್ತೆ?"

"ಮೋರಿಗೆ."

"ಮೋರಿ?"

ಹೊಳೆ ಸಾರ್ ಉತ್ತರ ಕೊಡಲಿಲ್ಲ, ಆದರೆ ಬ್ಯಾಂಕಿನವರು. ಲೆಕ್ಕ ತಾಳೆಯಾಗದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಮರುದಿನ ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿಗೆ ಕದಡಿ ಬಚ್ಚಲಿಗೆ ಸುರಿದು, ಗಂಬೂಟು ಏರಿಸಿ, ಮೋರಿಯ ಪಕ್ಕದಲ್ಲೇ ಓಡಿದರು. ಕಲ್ಲುಚಪ್ಪಡಿಯ ಸಂದಿಯಲ್ಲಿ ನೀಲಿ ಕಾಣುತ್ತದೆ, ಮಾಯವಾಗುತ್ತದೆ, ಮುಂದಿನ ತಿರುವಿನಲ್ಲಿ ಮತ್ತೆ ಕಾಣುತ್ತದೆ. ದೊಡ್ಡ ಚರಂಡಿ ಸೇರಿತು. ಬೀದಿಯ ಹುಡುಗರೂ ಹಿಂದೆ ಓಡಿಬಂದರು. ಕೊನೆಗೆ ನೀಲಿ ಹೊರಬಿದ್ದದ್ದು ಹೊಳೆಗೆ, ಅದೂ ಹಿಂದಿನ ದಿನ ಅವರ ತಂಡ ಗುಡಿಸಿ ರಂಗೋಲಿ ಹಾಕಿದ್ದ ಮೆಟ್ಟಿಲ ಪಕ್ಕದಲ್ಲೇ. ಖುಷಿಗೋ ಸಿಟ್ಟಿಗೋ, ವಿಷಲ್ ಊದಿದರು.

ಆವತ್ತಿನಿಂದ ಮನುಷ್ಯ ಬದಲಾಗಿಬಿಟ್ಟಿದ್ದಾರೆ. ದಡಕ್ಕೆ ಬರುವುದು ಕಡಿಮೆ. ಅಂಗಳದ ಟೈಲ್ಸ್ ಒಡೆಸಿ, ಹೊಸ ಕಾಂಕ್ರೀಟು ರಸ್ತೆ ಅಗೆಯಲು ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ಒಳಚರಂಡಿಯ ಚೇಂಬರಿಗೆ ಪೈಪು ಸೇರಿಸಿದರು. ಸ್ವಂತ ಮನೆಗೆ ನಿಲ್ಲಿಸಿದ್ದರೆ ಊರಿಗೆ ನೆಮ್ಮದಿ ಇರುತ್ತಿತ್ತು. ಈಗ ನೀಲಿಯ ಡಬ್ಬಿ ಹಿಡಿದು ಬಡಾವಣೆಯ ಮನೆಮನೆಗೆ ಹೋಗುತ್ತಾರೆ. "ನಿಮ್ಮ ಬಚ್ಚಲಿಗೆ ಒಂಚೂರು ಹಾಕ್ಲಾ?" ಕಳೆದ ವರ್ಷ ಅವರ ಗುಡ್ಡೆಯ ಫೋಟೋಗಳಿಗೆ ಕೈಮುಗಿಯುವ ಎಮೋಜಿ ಹಾಕಿದ ಕೈಗಳೇ ಈಗ ಒಳಗಿನಿಂದ ಚಿಲಕ ಹಾಕುತ್ತವೆ. ಗ್ರೂಪಿನಿಂದ ಒಬ್ಬೊಬ್ಬರಾಗಿ ಹೊರನಡೆದಿದ್ದಾರೆ. ಉಳಿದವರು ಗ್ರೂಪನ್ನು ಮ್ಯೂಟ್ ಮಾಡಿದವರು.

ಮೊನ್ನೆ ನಮ್ಮ ಎದುರು ಮನೆಯ ಗೇಟು ಬಡಿದರು. ಬಾಗಿಲು ತೆರೆಯಲಿಲ್ಲ. ಎಷ್ಟೋ ಹೊತ್ತಿಗೆ ಕಿಟಕಿ ಸ್ವಲ್ಪ ಸರಿದು, ಪ್ರತಿ ಅಭಿಯಾನಕ್ಕೂ ಟೀ ಶರ್ಟು ತೊಟ್ಟು ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ ಮನೆಯ ಯಜಮಾನರ ದನಿ ಕೇಳಿಸಿತು.

"ಹೊಳೆ ಕೆಲ್ಸ ಇದ್ರೆ ಭಾನುವಾರ ಹೇಳಿ ಸಾರ್, ಮನೆಮಂದಿಯೆಲ್ಲ ಬರ್ತೀವಿ. ನೀವು ಮಾತ್ರ ಮನೆಗ್ ಬರ್ಬೇಡಿ."