ರಾಯಣ್ಣನಿಗೆ ಹೆಚ್ಚುವರಿ ಹೊಣೆ

ನಂದಗಡಕ್ಕೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಸಂಗೊಳ್ಳಿ ರಾಯಣ್ಣನ ಸಮಾಧಿಯಲ್ಲ, ಅದರ ಬಳಿಯ ಆಲದ ಮರ. ಖಾನಾಪುರ ತಾಲ್ಲೂಕಿನ ಈ ಊರಿನಲ್ಲೇ ಬ್ರಿಟಿಷರು 1831ರ ಜನವರಿ 26ರಂದು ಅವನನ್ನು ಗಲ್ಲಿಗೇರಿಸಿದ್ದು. ಹುಟ್ಟಿದ್ದು ಆಗಸ್ಟ್ 15 ಎನ್ನುತ್ತಾರೆ. ಎರಡೂ ಸರ್ಕಾರಿ ರಜೆ! ನೌಕರರಿಗೆ ಇಷ್ಟು ಅನುಕೂಲ ಮಾಡಿಕೊಟ್ಟ ವೀರ ಇನ್ನೊಬ್ಬನಿಲ್ಲ.

ಮರ ನೆಟ್ಟವನು ರಾಯಣ್ಣನ ಒಡನಾಡಿಯಂತೆ. ಈಗ ಕೊಂಬೆಗಳ ತುಂಬ ಪುಟ್ಟ ಪುಟ್ಟ ತೊಟ್ಟಿಲುಗಳು, ಮಕ್ಕಳಾಗಲೆಂದು ಹರಕೆ. ಕಂಪನಿ ಸರ್ಕಾರದ ಕಚೇರಿ ಸುಟ್ಟು, ಖಜಾನೆ ಲೂಟಿ ಮಾಡಿದವನಿಗೆ ಹೆರಿಗೆ ವಿಭಾಗದ ಹೆಚ್ಚುವರಿ ಹೊಣೆ!

"ಹರಕಿ ಫಲಿಸ್ತದೇನ್ರೀ ಅಕ್ಕಾರ?" ಎಂದು ನಮ್ಮ ಗೆಳೆಯ ಒಬ್ಬಾಕೆಯನ್ನು ಕೇಳಿಯೇಬಿಟ್ಟ.

"ಇವ ಎಲ್ಲಿಂದ ಬಂದಾನ ಮತ್ತ?" ಎಂದು ಆಕೆ ಪಕ್ಕದಲ್ಲಿದ್ದ ಪೋರನನ್ನು ತೋರಿಸಿದಳು.

"ಹೆಸರೇನ್ರೀ?"

"ರಾಯಣ್ಣ ಅಲ್ದ ಇನ್ನೇನ್ ಇಡಾಕಾಗ್ತದ್ರೀ?"

ಅವನೋ, ಚಪ್ಪಲಿ ಬಿಡುವುದಿಲ್ಲವೆಂದು ಹಟ ಹಿಡಿದು, ಅಜ್ಜನ ಕೈಗೆ ಸಿಗದೆ ಮರದ ಮರೆಯಲ್ಲಿ ಗೆರಿಲ್ಲಾ ಯುದ್ಧ ನಡೆಸಿದ್ದ. ಹೆಸರಿಗೆ ತಕ್ಕವನೇ.

ಬೆಳಗಾವಿ ಕಡೆ ಹೋದರೆ ಖಾನಾಪುರದ ಬಸ್ಸು ಹತ್ತಿ, ನಂದಗಡಕ್ಕೂ ಹೋಗಿ ಬನ್ನಿ. ತೊಟ್ಟಿಲು ಕಟ್ಟುವುದು ಬಿಡುವುದು ನಿಮ್ಮಿಷ್ಟ.