ಜೀಪಿಗೊಂದು ಬೀಸಣಿಗೆ

ಉಜಿರೆಯಿಂದ ಕೊಟ್ಟಿಗೆಹಾರಕ್ಕೆ ಚಾರ್ಮಾಡಿ ಘಟ್ಟವನ್ನು ಏರುವಾಗ ನಮ್ಮ ಹಳೆಯ ಡೀಸೆಲ್ ಜೀಪು ಪ್ರತಿ ಸಲವೂ ಒಂದೇ ತಿರುವಿನಲ್ಲಿ ಬುಸುಗುಟ್ಟಿ ನಿಂತು, ಬಾನೆಟ್ಟಿನ ಸಂದಿಯಿಂದ ಹಬೆಯನ್ನು ಬಿಡುತ್ತಿದ್ದುದರಿಂದ, ಅಲ್ಲಿಯ ಮಂಗಗಳು ನಮ್ಮನ್ನು ಗುರುತಿಸಿ, ಎಂಜಿನ್ನು ತಣಿಯುವುದನ್ನು ನಾವು ಕಾಯುತ್ತಿರುವಷ್ಟರಲ್ಲಿ ಬಾಳೆಹಣ್ಣಿನ ಚೀಲವನ್ನು ವಿಲೇವಾರಿ ಮಾಡುವಷ್ಟು ಸಲುಗೆಯನ್ನು ಬೆಳೆಸಿಕೊಂಡಿದ್ದುವು.

"ಫ್ಯಾನು ಬದಲಾಯಿಸಿಬಿಡಿ, ಮೇಷ್ಟ್ರೇ" ಎಂದು ಗ್ಯಾರೇಜಿನ ಮೇಸ್ತ್ರಿಗಳು ಅಪ್ಪಣೆ ಕೊಡಿಸಿದರು. ಬೀಸಣಿಗೆಗಳಲ್ಲಿಯೂ ಮತತ್ರಯಗಳುಂಟೆಂಬುದು ನನಗೆ ಆಮೇಲೆ ತಿಳಿಯಿತು.

ನಮ್ಮ ಜೀಪಿನಲ್ಲಿದ್ದುದು ಶುದ್ಧ ಅದ್ವೈತ. ವಾಟರ್ ಪಂಪಿನ ಪುಲ್ಲಿಗೆ ಬಿಗಿದ ನಾಲ್ಕು ರೆಕ್ಕೆಗಳ ಆ ಕಬ್ಬಿಣದ ಫ್ಯಾನಿಗೆ ಎಂಜಿನ್ನಿಗಿಂತ ಬೇರೆಯಾದ ಇರವೇ ಇಲ್ಲ. ಅದು ತಿರುಗಿದರೆ ಇದೂ ತಿರುಗಬೇಕು. ಬಯಲುಸೀಮೆಯ ರಸ್ತೆಯಲ್ಲಿ 60 ಕಿಲೋಮೀಟರು ವೇಗದಿಂದ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತಿದ್ದರೂ, ಈ ಮಹಾಶಯನು ತನ್ನ ಅಗತ್ಯವಿಲ್ಲವೆಂಬುದನ್ನರಿಯದೆ, ನಿವೃತ್ತರಾದ ಮೇಲೂ ಶಾಲೆಗೆ ಹೋಗಿ ಪಾಠ ಹೇಳುವ ನನ್ನಂಥವರ ಹಾಗೆ, ಬೀಸುತ್ತಲೇ ಇರುತ್ತಾನೆ. ಫ್ಯಾನಿನ ವೇಗವು 2 ಪಟ್ಟಾದರೆ ಅದು ನುಂಗುವ ಶಕ್ತಿ 8 ಪಟ್ಟಾಗುತ್ತದೆಯಂತೆ. ಡೀಸೆಲ್ಲಿನ ದುಡ್ಡು ಗಾಳಿಗೆ ಹೋಯಿತೆಂಬ ಮಾತು ಇಲ್ಲಿ ಅಲಂಕಾರವಲ್ಲ.

ಬೆಂಗಳೂರಿನ ನನ್ನ ಭಾವಮೈದುನನು ಕಟ್ಟಾ ದ್ವೈತಿ. ಅವನ ವಿದ್ಯುತ್ ಫ್ಯಾನು ಎಂಜಿನ್ನಿನಿಂದ ನಿತ್ಯ ಭಿನ್ನ. ನೀರು ಕಾದಾಗ ಸ್ವಿಚ್ಚು ಎಚ್ಚರಿಸಿದರೆ ಏಳುತ್ತದೆ, ಇಲ್ಲವಾದರೆ ಮಲಗಿರುತ್ತದೆ. ಹಳ್ಳ ದಾಟುವಾಗ ಅದನ್ನು ಆರಿಸಿಬಿಡಬಹುದು. ನಮ್ಮದಾದರೋ ಆಳವಾದ ನೀರಿನಲ್ಲಿ ತಿರುಗಿ, ರೆಕ್ಕೆ ಬಾಗಿ ರೇಡಿಯೇಟರನ್ನೇ ಕೊರೆದೀತೆಂದು ಬೆಲ್ಟನ್ನು ಕಳಚಬೇಕು. ಆದರೆ ಆ ಫ್ಯಾನಿಗೆ ಬ್ಯಾಟರಿಯ ಅನುಗ್ರಹ ಬೇಕು. ಹೆಡ್‌ಲೈಟು ಹಾಕಿದರೆ ಹಾರನ್ನು ಕೆಮ್ಮುವ ನಮ್ಮ ಜೀಪಿನಲ್ಲಿ ಅಷ್ಟು ಅನುಗ್ರಹವೆಲ್ಲಿಯದು?

ಕೊನೆಗೆ ಮೇಸ್ತ್ರಿಗಳು ವಿಶಿಷ್ಟಾದ್ವೈತಕ್ಕೆ ಒಲಿದು, ಗುಜರಿಯಿಂದ ಒಂದು ವಿಸ್ಕಸ್ ಫ್ಯಾನನ್ನು ತಂದರು. ಇದು ಎಂಜಿನ್ನಿಗೆ ಅಂಟಿಯೂ ಅಂಟದಂತಿರುವುದು. ಮುಂದಿರುವ ಲೋಹದ ಸುರುಳಿಗೆ ರೇಡಿಯೇಟರಿನ ಬಿಸಿಗಾಳಿ ತಾಕಿದಾಗ ಒಳಗಿನ ಬಾಗಿಲು ತೆರೆದು, ಸಿಲಿಕೋನ್ ಎಣ್ಣೆ ತುಂಬಿ, ಅದುವರೆಗೆ ಉದಾಸೀನವಾಗಿದ್ದ ರೆಕ್ಕೆಗಳನ್ನು ಬಿಗಿಹಿಡಿದು ತಿರುಗಿಸುತ್ತದೆ. ನನಗೆ ಇದರ ಮೇಲೆ ಗೌರವವೇ ಹುಟ್ಟಿತು.

ಬಾನೆಟ್ಟನ್ನೆತ್ತಿದ ಮೇಸ್ತ್ರಿಗಳು ಬಹಳ ಹೊತ್ತು ಒಳಗೆ ನೋಡಿ, "ಇದರ ಕೌಲು ಎಲ್ಲಿ, ಮೇಷ್ಟ್ರೇ?" ಎಂದರು. ಫ್ಯಾನಿನ ಸುತ್ತ ಇರತಕ್ಕ ಆ ತಗಡಿನ ಬಳೆಯಿಲ್ಲದಿದ್ದರೆ, ಯಾವ ಮತದ ಫ್ಯಾನೇ ಆಗಲಿ, ರೇಡಿಯೇಟರಿನೊಳಗಿಂದ ಗಾಳಿಯನ್ನು ಸೆಳೆಯದೆ, ಪಕ್ಕದ ಬಿಸಿಗಾಳಿಯನ್ನೇ ಕಲಕುತ್ತಿರುವುದಂತೆ.

ಎರಡು ಮಳೆಗಾಲದ ಹಿಂದೆ, ಗಡಗಡ ಸದ್ದು ಮಾಡುತ್ತದೆಂದು ಅದನ್ನು ಕಳಚಿದವನು ನಾನೇ. ಈಗ ಅದು ಹಿತ್ತಲಿನಲ್ಲಿ, ನೆರೆಮನೆಯ ಕೋಳಿಗಳು ಬುಡ ಕೆದಕದಂತೆ ಸೇವಂತಿಗೆಯ ಸಸಿಗಳನ್ನು ಕಾಯುತ್ತಿದೆ. ಕೇಳಿದ್ದಕ್ಕೆ ನನ್ನಾಕೆಯು, "ಈಗ ತಾನೇ ಮೊಗ್ಗು ಬಂದಿದೆ, ದೀಪಾವಳಿ ಕಳೆಯಲಿ ಅಂದ್ರೆ" ಎಂದಳು. ಅಲ್ಲಿಯವರೆಗೆ ಚಾರ್ಮಾಡಿಗೆ ಹೊರಡುವಾಗ ಬಾಳೆಹಣ್ಣನ್ನು ಎರಡು ಚಿಪ್ಪು ಹೆಚ್ಚಾಗಿಯೇ ಕೊಳ್ಳುತ್ತಿದ್ದೇವೆ.